‘ಶೇ. 100’ ಅಂತ ಫ್ಲೆಕ್ಸ್ ಹಾಕಿದ ಶಾಲೆಗೇ ಸೇರಿಸಬೇಕಾ?

ಪ್ರಶ್ನೆ: ಸರ್, ನಾವು ತುಮಕೂರಿನ ಕ್ಯಾತ್ಸಂದ್ರದಲ್ಲಿದ್ದೇವೆ. ಮಗಳು ಸರ್ಕಾರಿ ಶಾಲೆಯಲ್ಲಿ ಏಳನೇ ತರಗತಿ, ಕನ್ನಡ ಮೀಡಿಯಂ. ಬರುವ ಜೂನ್‌ಗೆ ಎಂಟಕ್ಕೆ ಹೈಸ್ಕೂಲ್ ಹುಡುಕಬೇಕು. ಮೂರು ಶಾಲೆ ಮನಸ್ಸಿನಲ್ಲಿವೆ. ಒಂದು ಸರ್ಕಾರಿ, ಒಂದು ಹಳೇ ಅನುದಾನಿತ, ಇನ್ನೊಂದು ಖಾಸಗಿ ಇಂಗ್ಲಿಷ್ ಮೀಡಿಯಂ. ಖಾಸಗಿಯವರು ಬಿ.ಎಚ್. ರಸ್ತೆಯಲ್ಲಿ ‘ಎಸ್ಸೆಸ್ಸೆಲ್ಸಿ ಶೇ. 100’ ಅಂತ ದೊಡ್ಡ ಫ್ಲೆಕ್ಸ್ ಹಾಕಿದ್ದಾರೆ. ನೆಟ್‌ನಲ್ಲಿ ಒಂದು ತಾಣ ಅದಕ್ಕೆ 4.6 ಸ್ಟಾರ್ ಕೊಟ್ಟಿದೆ, ಸರ್ಕಾರಿ ಶಾಲೆಗೆ 3.1. ಅಮೆರಿಕದಲ್ಲಿರುವ ನಮ್ಮ ಭಾವ, ‘ಇಲ್ಲಿ ಮನೆ ಹಿಡಿಯೋಕೆ ಮೊದಲೇ ಶಾಲೆ ರೇಟಿಂಗ್ ನೋಡ್ತೀವಿ, ನೀನೂ ನೋಡು’ ಅಂತಾರೆ. ಯಾವುದನ್ನು ನಂಬೋದು? ಮನೇಲೇ ಕೂತು ಶಾಲೆಗಳನ್ನು ಹೋಲಿಸೋಕೆ ಆಗುತ್ತಾ?

ಉತ್ತರ: ಅರ್ಧ ಕೆಲಸ ಮನೇಲೇ ಆಗುತ್ತದೆ. ಇನ್ನರ್ಧಕ್ಕೆ ಒಂದು ಅರ್ಜಿ ಹಾಕಬೇಕು, ಒಂದೆರಡು ಶಾಲೆಯ ಮೆಟ್ಟಿಲು ಹತ್ತಬೇಕು.

ಮೊದಲು ಆ ಸ್ಟಾರ್‌ಗಳನ್ನು ಬದಿಗಿಡಿ. 4.6 ಹೇಗೆ ಬಂತು ನೋಡಿ. ಯಾರೋ ಒಂದಷ್ಟು ಜನ ಫೋನ್‌ನಲ್ಲಿ ಒತ್ತಿದ್ದಾರೆ. ಅದರಲ್ಲಿ ಎಲ್‌ಕೆಜಿ ಮಗುವಿನ ಅಪ್ಪ ಇರಬಹುದು, ಹತ್ತು ವರ್ಷದ ಹಿಂದೆ ಓದಿ ಹೋದ ಹುಡುಗ ಇರಬಹುದು, ಶಾಲೆಯ ಆಫೀಸಿನವರೇ ಇರಬಹುದು. ವಾರ್ಷಿಕೋತ್ಸವ ಚೆನ್ನಾಗಿತ್ತು ಅಂತ ಐದು ಸ್ಟಾರ್, ವ್ಯಾನ್ ಡ್ರೈವರ್ ಜೊತೆ ಜಗಳ ಆಯ್ತು ಅಂತ ಒಂದು ಸ್ಟಾರ್. ಪಾಠದ ಬಗ್ಗೆ ಅದರಲ್ಲಿ ಏನೂ ಇರುವುದಿಲ್ಲ. ಸರ್ಕಾರಿ ಶಾಲೆಗೆ ಮಕ್ಕಳನ್ನು ಕಳಿಸುವ ಅಪ್ಪ ಅಮ್ಮಂದಿರು ಇಂಥ ಕಡೆ ಬರೆಯುವುದೇ ಅಪರೂಪ. ಹಾಗಾಗಿ 3.1 ಅನ್ನೋದು ಆ ಶಾಲೆ ಗೊತ್ತಿರುವವರ ಮಾತೇ ಅಲ್ಲದಿರಬಹುದು. ಶಾಲೆಗಳ ಪಟ್ಟಿ ಕೊಡುವ ತಾಣಗಳ ಕಥೆ ಇನ್ನೊಂದು. ಅವುಗಳಲ್ಲಿ ಹಲವಕ್ಕೆ ದುಡ್ಡು ಬರುವುದೇ ಶಾಲೆಗಳಿಂದ. ನಿಮ್ಮ ಫೋನ್ ನಂಬರ್ ಕೇಳಿದರೆ ಕೊಡಬೇಡಿ. ಕೊಟ್ಟರೆ ಸಂಜೆಯೊಳಗೆ ಅಡ್ಮಿಷನ್ ಕೌನ್ಸೆಲರ್ ಕರೆ ಮಾಡುತ್ತಾರೆ.

ನಿಮ್ಮ ಭಾವ ಹೇಳಿದ್ದು ಸುಳ್ಳಲ್ಲ. ಆದರೆ ಅವರ ಊರಿನ ಲೆಕ್ಕ ಬೇರೆ. ಅಮೆರಿಕದಲ್ಲಿ ಮೂರರಿಂದ ಎಂಟನೇ ತರಗತಿವರೆಗೆ ಸರ್ಕಾರಿ ಶಾಲೆಯ ಮಕ್ಕಳಿಗೆ ಪ್ರತಿವರ್ಷ ಭಾಷೆ ಮತ್ತು ಗಣಿತದಲ್ಲಿ ರಾಜ್ಯಮಟ್ಟದ ಪರೀಕ್ಷೆ ಇರುತ್ತದೆ. ಶಾಲಾವಾರು ಫಲಿತಾಂಶವನ್ನು ರಾಜ್ಯಗಳು ಪ್ರಕಟಿಸಲೇಬೇಕು ಅಂತ ಅಲ್ಲಿನ ಕೇಂದ್ರ ಕಾನೂನೇ ಹೇಳುತ್ತದೆ. ಗ್ರೇಟ್‌ಸ್ಕೂಲ್ಸ್ ಅನ್ನುವ ಸಂಸ್ಥೆ ಆ ಅಂಕಿಗಳನ್ನು ತೆಗೆದುಕೊಂಡು ಒಂದರಿಂದ ಹತ್ತರವರೆಗೆ ರೇಟಿಂಗ್ ಕೊಡುತ್ತದೆ. ಅದರ ಮೇಲೂ ಅಲ್ಲಿ ತಕರಾರಿದೆ. ಶ್ರೀಮಂತರ ಬಡಾವಣೆಯ ಶಾಲೆಗೇ ಒಂಬತ್ತು ಹತ್ತು ಬೀಳುತ್ತದೆ, ಅದು ಪಾಠದ ಗುಣವೋ ಮನೆಯ ಅನುಕೂಲವೋ ಅನ್ನುವುದು ಆ ತಕರಾರು. ಇಂಗ್ಲೆಂಡಿನಲ್ಲಿ ಆಫ್‌ಸ್ಟೆಡ್ ಅನ್ನುವ ಸರ್ಕಾರಿ ತಪಾಸಣಾ ಸಂಸ್ಥೆ ಇದೆ. ಇಡೀ ಶಾಲೆಗೆ ‘ಅತ್ಯುತ್ತಮ’, ‘ಸಾಲದು’ ಅಂತ ಒಂದೇ ಮಾತಿನಲ್ಲಿ ತೀರ್ಪು ಕೊಡುತ್ತಿದ್ದ ಪದ್ಧತಿಯನ್ನು ಅಲ್ಲಿ 2024ರಲ್ಲಿ ಕೈಬಿಟ್ಟರು.

ನಮ್ಮಲ್ಲಿ ಒಂದು ಶಾಲೆಯ ಮಕ್ಕಳನ್ನು ಪಕ್ಕದ ಶಾಲೆಯವರ ಜೊತೆ ಒಂದೇ ಪ್ರಶ್ನೆಪತ್ರಿಕೆಯಲ್ಲಿ ತೂಗಿ, ಅದರ ಫಲ ಪೋಷಕರಿಗೂ ಗೊತ್ತಾಗುವುದು ಎಸ್ಸೆಸ್ಸೆಲ್ಸಿಯಲ್ಲೇ. ಅದಕ್ಕೆ ಮುಂಚಿನ ಯಾವ ತರಗತಿಗೇ ಆಗಲಿ, ಯಾವುದಾದರೂ ತಾಣ ‘ಕಲಿಕೆಗೆ 9/10’ ಅಂತ ಹಾಕಿದ್ದರೆ, ಆ ಒಂಬತ್ತು ಎಲ್ಲಿಂದ ಬಂತು ಅಂತ ಕೇಳಿ.

ಪತ್ರಿಕೆಗಳಲ್ಲಿ ಎನ್ಎಎಸ್, ಪರಖ್, ಅಸರ್ ಅಂತ ಸಮೀಕ್ಷೆಗಳ ಸುದ್ದಿ ಬರುತ್ತಿರುತ್ತದೆ. ಅವೆಲ್ಲ ಕೆಲವು ಶಾಲೆ, ಕೆಲವು ಮನೆಗಳನ್ನು ಆರಿಸಿಕೊಂಡು ಜಿಲ್ಲೆಯ ಅಥವಾ ರಾಜ್ಯದ ಚಿತ್ರ ಕೊಡುವಂಥವು. ನಿಮ್ಮ ಮೂರು ಶಾಲೆಗಳ ಬಗ್ಗೆ ಅವು ಏನೂ ಹೇಳುವುದಿಲ್ಲ.

ಉಳಿಯುವುದು ಯುಡೈಸ್ ಪ್ಲಸ್ ಅನ್ನುವ, ಶಾಲೆಗಳ ವಿವರ ಇರುವ ತಾಣ. ಶಾಲೆಗಳಲ್ಲಿ ಎಲ್ಲರೂ ‘ಡೈಸ್’ ಅನ್ನುತ್ತಾರೆ. ಕೇಂದ್ರ ಶಿಕ್ಷಣ ಸಚಿವಾಲಯದ್ದು, ಬಿಟ್ಟಿ, ಲಾಗಿನ್ ಕೂಡ ಬೇಡ. ಅದರಲ್ಲಿ ‘ನೋ ಯುವರ್ ಸ್ಕೂಲ್’ ಅಂತ ಒಂದು ಭಾಗ ಇದೆ. ದೇಶದ ಪ್ರತಿ ಶಾಲೆಗೂ 11 ಅಂಕಿಯ ಡೈಸ್ ಕೋಡ್ ಇರುತ್ತದೆ. ಕರ್ನಾಟಕದ್ದಾದರೆ 29ರಿಂದ ಶುರು. ಮುಂದಿನ ಅಂಕಿಗಳು ಜಿಲ್ಲೆ, ಬ್ಲಾಕ್, ಊರು, ಕೊನೆಗೆ ಶಾಲೆ. ಎಷ್ಟೋ ಕಡೆ ಶಾಲೆಯ ಗೋಡೆ ಮೇಲೆ, ಟಿಸಿ ಮೇಲೆ ಬರೆದಿರುತ್ತಾರೆ. ಕೋಡ್ ಗೊತ್ತಿದ್ದರೆ ನೇರವಾಗಿ ಹಾಕಿ. ಗೊತ್ತಿಲ್ಲದಿದ್ದರೆ ಪಿನ್‌ಕೋಡ್ ಹಾಕಿ ಹುಡುಕಿ. ನಿಮ್ಮದು 572104 ಅಲ್ವಾ?

ಹೆಸರು ಹಾಕಿ ಹುಡುಕುವವರು ಎಡವುವ ಜಾಗಗಳಿವೆ. ಸರ್ಕಾರಿ ಶಾಲೆಗಳ ಹೆಸರು ಅಲ್ಲಿ ಮೊಟಕಾಗಿರುತ್ತದೆ. ಪ್ರೌಢಶಾಲೆ ಅಂದರೆ ‘ಜಿಎಚ್‌ಎಸ್’, ಹಿರಿಯ ಪ್ರಾಥಮಿಕ ಅಂದರೆ ‘ಜಿಎಚ್‌ಪಿಎಸ್’. ಇಂಗ್ಲಿಷ್ ಕಾಗುಣಿತವೂ ಒಂದೊಂದು ಕಡೆ ಒಂದೊಂದು ಥರ, ಕ್ಯಾತ್ಸಂದ್ರದ ನಡುವೆ ‘ಎಚ್’ ಹಾಕಿಯೂ ಹಾಕದೆಯೂ ನೋಡಿ. ಇನ್ನೊಂದು, ನಮ್ಮ ಜಿಲ್ಲೆಯಲ್ಲಿ ಎರಡು ಶೈಕ್ಷಣಿಕ ಜಿಲ್ಲೆಗಳಿವೆ, ತುಮಕೂರು ಮತ್ತು ಮಧುಗಿರಿ. ಶಿರಾ, ಪಾವಗಡ, ಕೊರಟಗೆರೆ, ಮಧುಗಿರಿ ತಾಲ್ಲೂಕುಗಳು ಮಧುಗಿರಿಗೆ ಸೇರಿವೆ. ಶಿರಾದ ಶಾಲೆಯನ್ನು ತುಮಕೂರು ಅಂತ ಆರಿಸಿ ಹುಡುಕಿದರೆ ಸಿಗದೇ ಹೋಗಬಹುದು. ಮೇ ತಿಂಗಳಲ್ಲಿ ಫಲಿತಾಂಶ ಬಂದಾಗ ‘ತುಮಕೂರಿಗೆ ಇಷ್ಟನೇ ಸ್ಥಾನ’ ಅಂತ ಪೇಪರಿನವರು ಬರೆಯುವುದೂ ಉಳಿದ ಆರು ತಾಲ್ಲೂಕಿನ ಲೆಕ್ಕ.

ಒಂದೇ ಕಾಂಪೌಂಡಿನಲ್ಲಿ, ಒಂದೇ ಹೆಸರಿನಲ್ಲಿ, ಎರಡು ಕೋಡ್ ಇರುವುದೂ ಉಂಟು. ಹಳೇ ಅನುದಾನಿತ ಸಂಸ್ಥೆಗಳಲ್ಲಿ ಇದು ಸಾಮಾನ್ಯ. ಕನ್ನಡ ಮೀಡಿಯಂ ವಿಭಾಗ ಅನುದಾನಿತ, ಅದಕ್ಕೊಂದು ಕೋಡ್. ಇಂಗ್ಲಿಷ್ ಮೀಡಿಯಂ ಅನುದಾನರಹಿತ, ಅದಕ್ಕೆ ಇನ್ನೊಂದು. ಫಲಿತಾಂಶ ಹೇಳುವಾಗ ಮಾತ್ರ ಯಾವುದು ಚೆನ್ನಾಗಿದೆಯೋ ಅದನ್ನು ಹೇಳುತ್ತಾರೆ. ನೀವು ನೋಡುತ್ತಿರುವ ಅನುದಾನಿತ ಶಾಲೆಯಲ್ಲಿ ಮಗಳು ಕೂರುವುದು ಯಾವ ಕೋಡ್ ಅಡಿಯಲ್ಲಿ ಅಂತ ಮೊದಲೇ ಕೇಳಿಕೊಳ್ಳಿ.

ಹೀಗೆ ಹುಡುಕಿದಾಗ ಒಂದು ಶಾಲೆಯ ವಿವರವೆಲ್ಲ ಇರುವ ಕಾರ್ಡ್ ಸಿಗುತ್ತದೆ. ಅದನ್ನು ತೆರೆದಾಗ ಕಣ್ಣಿಗೆ ಬೀಳುವುದು ಕಟ್ಟಡ, ಶೌಚಾಲಯ, ಕುಡಿಯುವ ನೀರು, ಲೈಬ್ರರಿ, ಕಂಪ್ಯೂಟರ್. ಎಲ್ಲದರ ಮುಂದೆ ‘ಹೌದು’ ‘ಹೌದು’ ಅಂತ ಇರುತ್ತದೆ. ಇದನ್ನು ತುಂಬುವುದು ಶಾಲೆಯವರೇ. ಮುಖ್ಯ ಶಿಕ್ಷಕನಾಗಿ ನಾನೂ ಆ ಫಾರಂ ಮುಂದೆ ಕೂತವನು. ಸಿಆರ್‌ಪಿ (ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಫೋನ್ ಮೇಲೆ ಫೋನ್ ಮಾಡುತ್ತಿರುತ್ತಾರೆ, ಇವತ್ತೇ ಕೊನೇ ದಿನ ಅಂತ. ಸರ್ವರ್ ಸುತ್ತುತ್ತಿರುತ್ತದೆ. ‘ಗ್ರಂಥಾಲಯ ಇದೆಯೇ?’ ಅಂತ ಕೇಳಿದರೆ, ಸ್ಟಾಫ್ ರೂಮಿನ ಬೀರುವಿನಲ್ಲಿ ನೂರಿನ್ನೂರು ಪುಸ್ತಕ ಇದ್ದರೂ ಉತ್ತರ ‘ಹೌದು’. ಆ ಬೀರುವಿನ ಕೀಲಿಕೈ ಯಾರ ಹತ್ತಿರ ಇದೆ, ಮಕ್ಕಳು ಕೊನೇ ಸಲ ಯಾವಾಗ ಪುಸ್ತಕ ತಗೊಂಡರು ಅಂತ ಫಾರಂ ಕೇಳುವುದಿಲ್ಲ. ಹಾಗಾಗಿ ಈ ಹೌದು-ಇಲ್ಲಗಳಲ್ಲಿ ‘ಇಲ್ಲ’ವನ್ನು ನಂಬಿ, ‘ಹೌದು’ ಅಂತಿದ್ದುದನ್ನು ಹೋಗಿ ನೋಡಿ.

ಮಕ್ಕಳ ಸಂಖ್ಯೆಯ ವಿಷಯ ಹಾಗಲ್ಲ. 2022-23ರಿಂದ ಡೈಸ್‌ನಲ್ಲಿ ಬರೀ ಒಟ್ಟು ಸಂಖ್ಯೆ ಕೊಟ್ಟರೆ ಸಾಲದು, ಒಂದೊಂದು ಮಗುವಿನ ವಿವರವನ್ನೂ ಹಾಕಬೇಕು. ನಮ್ಮ ರಾಜ್ಯದ ವಿದ್ಯಾರ್ಥಿ ಮಾಹಿತಿ ವ್ಯವಸ್ಥೆಯಾದ ಎಸ್‌ಎಟಿಎಸ್‌ನಲ್ಲೂ ಪ್ರತಿ ಮಗುವಿಗೆ ಒಂದು ನಂಬರ್ ಇದೆ. ಅಲ್ಲಿ ಆಟ ಆಡುವುದು ಮೊದಲಿನಷ್ಟು ಸುಲಭ ಅಲ್ಲ. ಆದ್ದರಿಂದ ಕಾರ್ಡಿನಲ್ಲಿ ತರಗತಿವಾರು ದಾಖಲಾತಿ ಇರುವ ಸಾಲನ್ನು ನೋಡಿ. ಯಾರೂ ನೋಡದ ಸಾಲು ಅದು. ನನ್ನ ಕೇಳಿದರೆ, ಇಡೀ ಕಾರ್ಡಿನಲ್ಲಿ ಕೆಲಸಕ್ಕೆ ಬರುವುದು ಅದೇ.

ಹೀಗೆ ಮಾಡಿ. ಕಾರ್ಡ್ ಪುಟದಲ್ಲಿ ವರ್ಷ ಆರಿಸುವ ಜಾಗ ಇರುತ್ತದೆ. ಒಂದು ವರ್ಷದ್ದು ತೆಗೆದು ಎಂಟನೇ ತರಗತಿಯಲ್ಲಿ ಎಷ್ಟು ಮಕ್ಕಳಿದ್ದರು ಅಂತ ಬರೆದುಕೊಳ್ಳಿ. ಅದರ ಮುಂದಿನ ವರ್ಷದ ಕಾರ್ಡಿನಲ್ಲಿ ಒಂಬತ್ತನೇ ತರಗತಿ. ಅದರ ಮುಂದಿನ ವರ್ಷದ್ದರಲ್ಲಿ ಹತ್ತು. ಅದೇ ಮಕ್ಕಳು ಮೂರು ವರ್ಷ ನಡೆದು ಬಂದ ದಾರಿ ಅದು.

ಲೆಕ್ಕ ಅರ್ಥವಾಗಲಿ ಅಂತ ಎರಡು ಕಾಲ್ಪನಿಕ ಶಾಲೆ ತಗೊಳ್ಳೋಣ. ಮೊದಲ ಶಾಲೆಯಲ್ಲಿ 2022-23ಕ್ಕೆ ಎಂಟನೇ ತರಗತಿಯಲ್ಲಿ 64 ಮಕ್ಕಳು, ಮರುವರ್ಷ ಒಂಬತ್ತರಲ್ಲಿ 61, ಅದರ ಮರುವರ್ಷ ಹತ್ತರಲ್ಲಿ 43. ಪರೀಕ್ಷೆಗೆ ಕೂತವರು 43, ಪಾಸಾದವರು 43. ಫ್ಲೆಕ್ಸ್: ಶೇ. 100. ಎರಡನೇ ಶಾಲೆಯಲ್ಲಿ ಎಂಟರಲ್ಲಿ 58, ಒಂಬತ್ತರಲ್ಲಿ 57, ಹತ್ತರಲ್ಲಿ 55. ಎಲ್ಲರೂ ಪರೀಕ್ಷೆ ಬರೆದರು, ಪಾಸಾದವರು 44. ಅಂದರೆ ಶೇ. 80. ಫ್ಲೆಕ್ಸ್ ಇಲ್ಲ.

ಈಗ ಎಂಟಕ್ಕೆ ಸೇರಿದವರನ್ನು ಕೆಳಗಿಟ್ಟು ಲೆಕ್ಕ ಹಾಕಿ. ಮೊದಲ ಶಾಲೆಯಲ್ಲಿ 64ಕ್ಕೆ 43, ಶೇ. 67. ಎರಡನೆಯದರಲ್ಲಿ 58ಕ್ಕೆ 44, ಶೇ. 76 ಹತ್ತಿರ. ನೀವು ಸೇರಿಸುವುದು ಎಂಟಕ್ಕೆ ತಾನೇ? ಹಾಗಾದರೆ ನಿಮ್ಮ ಮಗಳಿಗೆ ಲೆಕ್ಕ ಎಂಟರಿಂದ ಶುರುವಾಗಬೇಕು, ಪರೀಕ್ಷಾ ಹಾಲಿನ ಬಾಗಿಲಿಂದಲ್ಲ.

ಆ ಮೊದಲ ಶಾಲೆಯಲ್ಲಿ ಒಂಬತ್ತರಿಂದ ಹತ್ತಕ್ಕೆ ಬರುವಾಗ 18 ಮಕ್ಕಳು ಎಲ್ಲಿ ಹೋದರು? ನಮ್ಮಲ್ಲಿ ಎಂಟರವರೆಗೆ ಯಾರನ್ನೂ ಫೇಲ್ ಮಾಡಿ ಕೂರಿಸುವುದಿಲ್ಲ. ಹಾಗಾಗಿ ಜರಡಿ ಹಿಡಿಯುವವರು ಒಂಬತ್ತರಲ್ಲಿ ಹಿಡಿಯುತ್ತಾರೆ. ಏಪ್ರಿಲ್‌ನಲ್ಲಿ ಅಪ್ಪ ಅಮ್ಮನನ್ನು ಕರೆಸುತ್ತಾರೆ. ‘ನಿಮ್ಮ ಹುಡುಗ ಇಲ್ಲಿ ಹತ್ತನೇ ಕ್ಲಾಸ್ ತಡ್ಕೊಳಲ್ಲ, ಬೇರೆ ಕಡೆ ಸೇರಿಸಿ, ಪಾಸ್ ಅಂತಲೇ ಟಿಸಿ ಕೊಡ್ತೀವಿ’ ಅನ್ನುತ್ತಾರೆ. ಇಲ್ಲವೇ ಒಂಬತ್ತರಲ್ಲೇ ಉಳಿಸುತ್ತಾರೆ. ಇಲ್ಲವೇ ಶಾಲೆಯ ಹೆಸರಲ್ಲಿ ಬೇಡ, ಖಾಸಗಿ ಅಭ್ಯರ್ಥಿಯಾಗಿ ಕಟ್ಟಿಸಿ ಅನ್ನುತ್ತಾರೆ. ಹೀಗೆ ಹೊರಬಿದ್ದ ಮಕ್ಕಳು ಎಲ್ಲಿಗೆ ಬರುತ್ತಾರೆ ಗೊತ್ತಾ? ನೀವು 3.1 ಸ್ಟಾರ್ ಅಂದ ಥರದ ಸರ್ಕಾರಿ ಹೈಸ್ಕೂಲಿಗೆ, ಜೂನ್‌ನಲ್ಲಿ, ನೇರ ಹತ್ತನೇ ತರಗತಿಗೆ. ಮೊದಲೇ ಕೇರಿ ಇಟ್ಟ ಕಾಳಿನಲ್ಲಿ ಕಲ್ಲಿಲ್ಲ ಅಂತ ಹೊಗಳಿಕೊಳ್ಳುವುದು ಯಾವ ದೊಡ್ಡಸ್ತಿಕೆ ಹೇಳಿ.

ಹಾಗಂತ ಸಂಖ್ಯೆ ಇಳಿದ ಶಾಲೆಯೆಲ್ಲ ಮೋಸದ್ದು ಅಂತಲ್ಲ. ಇಟ್ಟಿಗೆ ಗೂಡಿಗೆ, ಕಟ್ಟಡ ಕೆಲಸಕ್ಕೆ ಬಂದ ಕುಟುಂಬಗಳು ಊರು ಬಿಡುತ್ತವೆ. ಅಪ್ಪನಿಗೆ ವರ್ಗ ಆಗುತ್ತದೆ. ಹೆಣ್ಣುಮಕ್ಕಳನ್ನು ಮನೆಯವರೇ ಬಿಡಿಸುವುದೂ ಇದೆ. ಹೊಸಬರು ನಡುವೆ ಸೇರುವುದರಿಂದ ನಿಜವಾದ ಏರಿಳಿತ ಮರೆಯಾಗುವುದೂ ಉಂಟು. ಡೈಸ್ ಲೆಕ್ಕ ಸೆಪ್ಟೆಂಬರ್ 30ರ ದಿನಕ್ಕೆ ಹಿಡಿದದ್ದು, ನವೆಂಬರ್‌ನಲ್ಲಿ ಬಿಟ್ಟ ಮಗು ಆ ವರ್ಷದ ಕಾರ್ಡಿನಲ್ಲಿ ಇದ್ದೇ ಇರುತ್ತದೆ. ಅದಕ್ಕೇ ಒಂದು ಬ್ಯಾಚ್ ನೋಡಿ ತೀರ್ಮಾನ ಮಾಡಬೇಡಿ. ಎರಡು ಮೂರು ಬ್ಯಾಚ್ ಎಳೆದು ನೋಡಿ. ಪ್ರತಿ ಸಲವೂ ಒಂಬತ್ತು ಮತ್ತು ಹತ್ತರ ನಡುವೆಯೇ ಹಳ್ಳ ಬೀಳುತ್ತಿದ್ದರೆ ಅದು ಕಾಕತಾಳೀಯ ಅಲ್ಲ.

ಇನ್ನು ಫ್ಲೆಕ್ಸಿನ ಶೇಕಡಾವಾರು. ಅದನ್ನು ಓದುವುದಕ್ಕೂ ಸ್ವಲ್ಪ ಹುಷಾರು ಬೇಕು. 2024ರಿಂದ ಎಸ್ಸೆಸ್ಸೆಲ್ಸಿಗೆ ಪರೀಕ್ಷೆ-1, ಪರೀಕ್ಷೆ-2 ಅಂತ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ. ಪರೀಕ್ಷೆ-1ರಲ್ಲಿ ಶೇ. 82 ಬಂದ ಶಾಲೆ, ಎಲ್ಲವೂ ಮುಗಿದ ಮೇಲೆ ಕೂಡಿಸಿ ಶೇ. 97 ಅಂತ ಹೇಳಿಕೊಳ್ಳಬಹುದು. ಅದು ಸುಳ್ಳಲ್ಲ. ಆದರೆ ಪಕ್ಕದ ಶಾಲೆಯ ಪರೀಕ್ಷೆ-1ರ ಅಂಕಿ ಜೊತೆ ಹೋಲಿಸುವ ಹಾಗಿಲ್ಲ. ಕೇಳುವಾಗ ‘ಪರೀಕ್ಷೆ ಒಂದರಲ್ಲಿ ಎಷ್ಟು?’ ಅಂತಲೇ ಕೇಳಿ.

ವರ್ಷದಿಂದ ವರ್ಷಕ್ಕೂ ಹಾಗೇ. ಕೋವಿಡ್ ಹೊತ್ತಿನ 2021ರಲ್ಲಿ ಸರಿ ಉತ್ತರ ಗುರುತಿಸುವ ಪರೀಕ್ಷೆ ಇತ್ತು, ಹೆಚ್ಚುಕಮ್ಮಿ ಎಲ್ಲರೂ ಪಾಸು. ಆ ವರ್ಷದ ಶೇ. 100ಕ್ಕೆ ಬೆಲೆಯೇ ಇಲ್ಲ. 2023ರಲ್ಲಿ ರಾಜ್ಯದ ಫಲಿತಾಂಶ ಶೇ. 83.89. 2024ರಲ್ಲಿ ಪರೀಕ್ಷಾ ಕೇಂದ್ರಗಳಿಗೆ ಕ್ಯಾಮೆರಾ ಬಂತು, ವೆಬ್‌ಕಾಸ್ಟಿಂಗ್ ಬಂತು, ಫಲಿತಾಂಶ ಶೇ. 73.40ಕ್ಕೆ ಇಳಿಯಿತು. ಅದೂ ಗ್ರೇಸ್ ಅಂಕವನ್ನು ಶೇ. 10ರಿಂದ 20ಕ್ಕೆ ಏರಿಸಿದ ಮೇಲೆ. 2023ರಲ್ಲಿ ರಾಜ್ಯಕ್ಕೇ ಮೊದಲು ಬಂದಿದ್ದ ಚಿತ್ರದುರ್ಗ ಮರುವರ್ಷ ಪಟ್ಟಿಯ ಕೆಳಗಿನ ಅರ್ಧಕ್ಕೆ ಜಾರಿತು. ಒಂದೇ ವರ್ಷದಲ್ಲಿ ಮೇಷ್ಟ್ರೆಲ್ಲ ಪಾಠ ಮರೆತರಾ? 2025ರಲ್ಲಿ ಆ ಹೆಚ್ಚುವರಿ ಗ್ರೇಸ್ ತೆಗೆದರು, ಫಲಿತಾಂಶ ಇನ್ನೂ ಇಳಿಯಿತು. 2025-26ರಿಂದ ಪಾಸಿನ ಗೆರೆಯೇ ಶೇ. 35ರಿಂದ 33ಕ್ಕೆ ಬಂದಿದೆ. ಹಾಗಾಗಿ ಒಂದು ಶಾಲೆಯ ಈ ವರ್ಷವನ್ನು ಅದರದ್ದೇ ಹೋದ ವರ್ಷದ ಜೊತೆ ಇಟ್ಟು ‘ಇಳಿದುಹೋಯ್ತು’, ‘ಏರಿತು’ ಅನ್ನಬೇಡಿ. ಅದೇ ವರ್ಷ ಪಕ್ಕದ ಶಾಲೆ ಎಲ್ಲಿತ್ತು ಅಂತ ನೋಡಿ. 2024ರಲ್ಲಿ ಕ್ಯಾಮೆರಾ ಬಂದ ಮೇಲೂ ಹೆಚ್ಚು ಕದಲದ ಶಾಲೆ ಸಿಕ್ಕರೆ, ಅಲ್ಲಿ ಓದಿಸಿಯೇ ಪಾಸು ಮಾಡಿಸುತ್ತಿದ್ದರು ಅಂತ ನಾನು ನಂಬುತ್ತೇನೆ. ಅಷ್ಟು ಒಳ್ಳೇ ಪರೀಕ್ಷೆ ಶಾಲೆಗಳಿಗೆ ಮತ್ತೆ ಆಗಲಿಲ್ಲ.

ಚಿಕ್ಕ ಶಾಲೆಗೆ ಶೇಕಡಾವಾರು ಅನ್ಯಾಯ ಮಾಡುತ್ತದೆ, ಅದೂ ಗೊತ್ತಿರಲಿ. 14 ಮಕ್ಕಳಿರುವ ಕಡೆ ಒಬ್ಬ ಫೇಲಾದರೆ ಶೇ. 7 ಹೋಯಿತು. 140 ಇದ್ದರೆ ಒಂದೂ ಹೋಗುವುದಿಲ್ಲ. ಟಾಪರ್ ಫೋಟೋಗಳನ್ನು ನೋಡಿ ಮರುಳಾಗುವುದೂ ಬೇಡ. 2024ರಲ್ಲಿ 625ಕ್ಕೆ 625 ತೆಗೆದ ಒಬ್ಬಳೇ ಹುಡುಗಿ ಬಾಗಲಕೋಟೆ ಜಿಲ್ಲೆಯ ಮೊರಾರ್ಜಿ ದೇಸಾಯಿ ವಸತಿ ಶಾಲೆಯವಳು. ಸರ್ಕಾರದ ಶಾಲೆ. ಕೇಳೋಕೆ ಖುಷಿ. ಆದರೆ ಆ ಶಾಲೆಗಳಿಗೂ ಆರನೇ ತರಗತಿಗೇ ಪ್ರವೇಶ ಪರೀಕ್ಷೆ ಮಾಡಿ ಮಕ್ಕಳನ್ನು ತಗೊಳ್ಳುತ್ತಾರೆ, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ನಿಮ್ಮ ಮಗಳ ಥರದ ನಡುಮಟ್ಟದ ಮಗುವಿಗೆ ಏನಾಗುತ್ತದೆ ಅಂತ ತಿಳಿಯಬೇಕಾದರೆ 375 ದಾಟಿದವರು ಎಷ್ಟು ಜನ ಅಂತ ಕೇಳಿ. 625ಕ್ಕೆ ಅದು ಶೇ. 60, ಫಸ್ಟ್ ಕ್ಲಾಸ್. ಒಬ್ಬ ಟಾಪರ್‌ಗಿಂತ ಈ ಸಂಖ್ಯೆ ಜಾಸ್ತಿ ಮಾತಾಡುತ್ತದೆ. ಗಣಿತ, ವಿಜ್ಞಾನದಲ್ಲಿ ಎಷ್ಟು ಜನ ಪಾಸಾದರು ಅಂತಲೂ ಕೇಳಿ. ಮಕ್ಕಳು ಸಿಕ್ಕಿಕೊಳ್ಳುವುದು ಅಲ್ಲೇ.

ಇದೆಲ್ಲ ನೆಟ್‌ನಲ್ಲಿ ಸಿಗುತ್ತಾ ಅಂದರೆ, ಇಲ್ಲ. ಫಲಿತಾಂಶದ ತಾಣದಲ್ಲಿ ರಿಜಿಸ್ಟರ್ ನಂಬರ್ ಮತ್ತು ಹುಟ್ಟಿದ ದಿನ ಹಾಕಿದರೆ ಒಬ್ಬ ವಿದ್ಯಾರ್ಥಿಯ ಅಂಕ ಬರುತ್ತದೆ, ಅಷ್ಟೇ. ಶಾಲಾವಾರು ಪಟ್ಟಿ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮತ್ತು ಡಿಡಿಪಿಐ (ಶಿಕ್ಷಣ ಇಲಾಖೆಯ ಜಿಲ್ಲಾ ಉಪನಿರ್ದೇಶಕರು) ಕಚೇರಿಯಲ್ಲಿ ಇರುತ್ತದೆ. ಖಾಸಗಿ ಶಾಲೆಗಳದ್ದೂ ಅಲ್ಲೇ. ಬಾಯಿಮಾತಿನಲ್ಲಿ ಕೇಳಿದರೆ ಕೆಲವರು ತೋರಿಸುತ್ತಾರೆ, ಕೆಲವರು ನಾಳೆ ಬನ್ನಿ ಅನ್ನುತ್ತಾರೆ. ನಾಳೆ ಬನ್ನಿ ಅಂದರೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಅದರ ಒಕ್ಕಣೆ ಕೊನೆಯಲ್ಲಿ ಕೊಟ್ಟಿದ್ದೇನೆ.

ಶಿಕ್ಷಕರ ಸಾಲು ನೋಡುವುದನ್ನು ಮರೆಯಬೇಡಿ. ಕಾರ್ಡಿನಲ್ಲಿ ಒಟ್ಟು ಎಷ್ಟು ಜನ, ಕಾಯಂ ಎಷ್ಟು, ಗುತ್ತಿಗೆ ಎಷ್ಟು ಅಂತ ಇರುತ್ತದೆ. ಆದರೆ ಹೈಸ್ಕೂಲಿನಲ್ಲಿ ತಲೆ ಎಣಿಸಿದರೆ ಸಾಲದು. ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ಮೇಷ್ಟ್ರು ಇದ್ದಾರಾ, ಸಿಬಿಝಡ್ (ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ) ಮೇಡಂ ಇದ್ದಾರಾ, ಇಂಗ್ಲಿಷಿಗೆ ಯಾರು, ಇದು ಮುಖ್ಯ. ಏಳು ಜನ ಶಿಕ್ಷಕರಿದ್ದೂ ಪಿಸಿಎಂ ಹುದ್ದೆ ಖಾಲಿ ಇರುವ ಸರ್ಕಾರಿ ಶಾಲೆಗಳಿವೆ. ಅಲ್ಲಿ ಗಣಿತ ನಡೆಯುವುದು ಅತಿಥಿ ಶಿಕ್ಷಕರಿಂದ. ಅವರು ಬರುವುದು ಶಾಲೆ ಶುರುವಾಗಿ ಎಷ್ಟೋ ದಿನದ ಮೇಲೆ. ಬಂದವರಲ್ಲಿ ಬಹಳ ಚೆನ್ನಾಗಿ ಪಾಠ ಮಾಡುವವರಿದ್ದಾರೆ, ಆ ಮಾತು ಬೇರೆ. ಖಾಸಗಿ ಶಾಲೆಯಲ್ಲಿ ಹುದ್ದೆ ಖಾಲಿ ಇರುವುದಿಲ್ಲ, ಆದರೆ ಮನುಷ್ಯರು ಬದಲಾಗುತ್ತಿರುತ್ತಾರೆ. ‘ಗಣಿತದ ಮೇಷ್ಟ್ರು ಇಲ್ಲಿ ಎಷ್ಟು ವರ್ಷದಿಂದ ಇದ್ದಾರೆ?’ ಅಂತ ಸುಮ್ನೆ ಕೇಳಿ ನೋಡಿ. ಉತ್ತರ ಕೊಡುವ ಮೊದಲು ಮುಖ ಮುಖ ನೋಡಿಕೊಂಡರೆ ನಿಮಗೇ ಗೊತ್ತಾಗುತ್ತದೆ.

ನಿಮ್ಮ ಖಾಸಗಿ ಶಾಲೆ ಎಸ್ಸೆಸ್ಸೆಲ್ಸಿ ಅಂತಲೇ ಹಾಕಿರುವುದರಿಂದ ಸಿಬಿಎಸ್‌ಇ ಗೊಂದಲ ನಿಮಗಿಲ್ಲ. ಇದ್ದವರಿಗೆ ಒಂದು ಮಾತು: ‘ಸಿಬಿಎಸ್‌ಇ ಪ್ಯಾಟರ್ನ್’ ಅಂತ ಬೋರ್ಡ್ ಇದ್ದರೆ ಅದು ಸಿಬಿಎಸ್‌ಇ ಮಾನ್ಯತೆ ಅಂತಲ್ಲ. ಕರ್ನಾಟಕದ ಶಾಲೆಯ ಸಂಯೋಜನೆ ಸಂಖ್ಯೆ (ಅಫಿಲಿಯೇಷನ್ ನಂಬರ್) 83ರಿಂದ ಶುರುವಾಗುತ್ತದೆ, ಅದನ್ನು ಸಿಬಿಎಸ್‌ಇಯ ‘ಸಾರಸ್’ ತಾಣದಲ್ಲಿ ಹಾಕಿ, ಹತ್ತನೇ ತರಗತಿವರೆಗೆ ಇದೆಯಾ ನೋಡಿ. ನಿಜವಾದ ಸಿಬಿಎಸ್‌ಇ ಶಾಲೆ ತನ್ನ ವೆಬ್‌ಸೈಟಿನಲ್ಲಿ ಶುಲ್ಕ, ಹಿಂದಿನ ಮೂರು ವರ್ಷದ ಫಲಿತಾಂಶ, ಅಗ್ನಿ ಸುರಕ್ಷತಾ ಪತ್ರ ಎಲ್ಲ ಹಾಕಲೇಬೇಕು. ಹಾಕಿಲ್ಲದಿದ್ದರೆ ಕೇಳುವ ಹಕ್ಕು ನಿಮಗಿದೆ.

ನಿಮ್ಮ ಮಗಳ ವಿಷಯದಲ್ಲಿ ನನಗೆ ಕಾಣುವ ದೊಡ್ಡ ಪ್ರಶ್ನೆ ಯಾವ ತಾಣದಲ್ಲೂ ಇಲ್ಲ. ಏಳರವರೆಗೆ ಕನ್ನಡದಲ್ಲಿ ವಿಜ್ಞಾನ ಓದಿದವಳು ಎಂಟರಲ್ಲಿ ಒಮ್ಮೆಲೇ ಇಂಗ್ಲಿಷಿಗೆ ಹೋದರೆ ಮೊದಲ ಆರು ತಿಂಗಳು ಯಾರು ಕೈಹಿಡಿಯುತ್ತಾರೆ? ಖಾಸಗಿ ಶಾಲೆಗೆ ಹೋದಾಗ ಇದನ್ನೇ ಕೇಳಿ: ಹೋದ ವರ್ಷ ಕನ್ನಡ ಮೀಡಿಯಂನಿಂದ ಎಂಟಕ್ಕೆ ಬಂದ ಮಕ್ಕಳು ಎಷ್ಟು, ಅವರೀಗ ಒಂಬತ್ತರಲ್ಲಿ ಇದ್ದಾರಾ? ‘ನಾವು ಬ್ರಿಡ್ಜ್ ಕೋರ್ಸ್ ಮಾಡ್ತೀವಿ’ ಅಂದರೆ ಯಾರು, ದಿನಕ್ಕೆ ಎಷ್ಟು ಹೊತ್ತು, ಯಾವ ತಿಂಗಳವರೆಗೆ ಅಂತ ಕೇಳಿ. ಕನ್ನಡ ಮೀಡಿಯಂ ಮಕ್ಕಳನ್ನು ಅವರು ತಗೊಳ್ಳುವುದೇ ಕಮ್ಮಿ ಅಂತಾದರೆ, ಅವರ ಶೇ. 100 ನಿಮ್ಮ ಮಗಳಂಥ ಮಕ್ಕಳ ಫಲಿತಾಂಶವೇ ಅಲ್ಲ. ಮೂರೂ ಶಾಲೆಯ ಲೆಕ್ಕ ಹತ್ತಿರ ಹತ್ತಿರ ಬಂದರೆ ನಾನಾಗಿದ್ದರೆ ಅನುದಾನಿತ ಶಾಲೆಯ ಕನ್ನಡ ವಿಭಾಗ ನೋಡುತ್ತಿದ್ದೆ, ಅಲ್ಲಿ ಗಣಿತ ವಿಜ್ಞಾನಕ್ಕೆ ಕಾಯಂ ಮೇಷ್ಟ್ರಿದ್ದರೆ ಮಾತ್ರ. ಆ ಎರಡು ಹುದ್ದೆ ಸರ್ಕಾರಿ ಶಾಲೆಯಲ್ಲೇ ತುಂಬಿದ್ದರೆ ಮನೆ ಹತ್ತಿರದ ಸರ್ಕಾರಿ ಶಾಲೆ ಬಿಟ್ಟು ದೂರ ಹೋಗುವುದು ಯಾಕೆ?

ಶಾಲೆಗೆ ಹೋಗುವುದಾದರೆ ಶನಿವಾರ ಬೇಡ, ವಾರದ ನಡುವೆ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಹೋಗಿ. ಒಂಬತ್ತನೇ ತರಗತಿಯ ಒಂದು ಗಣಿತ ನೋಟ್‌ಬುಕ್ ತೋರಿಸಿ ಅನ್ನಿ. ಕೆಂಪು ಇಂಕಿನಲ್ಲಿ ಬರೀ ಸಹಿ ಇದೆಯಾ, ತಪ್ಪಾದ ಹೆಜ್ಜೆಗೆ ಗುರುತು ಹಾಕಿದ್ದಾರಾ ನೋಡಿ. ಹೆಣ್ಣುಮಕ್ಕಳ ಶೌಚಾಲಯಕ್ಕೆ ಬೀಗ ಇದೆಯಾ ಅಂತ ಮನೆಯವರು ಹೋಗಿ ನೋಡಿ ಬರಲಿ. ಎರಡಕ್ಕೂ ಹತ್ತು ನಿಮಿಷ ಸಾಕು.

ಇನ್ನು ಅರ್ಜಿ. ಕರ್ನಾಟಕದಲ್ಲಿ ಮಾಹಿತಿ ಹಕ್ಕು ಅರ್ಜಿಗೆ ಶುಲ್ಕ 10 ರೂಪಾಯಿ. ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದ ಒಳಗೆ ಇರಬೇಕು. ರಾಜ್ಯದ ಆರ್‌ಟಿಐ ಆನ್‌ಲೈನ್ ತಾಣದಲ್ಲೂ ಹಾಕಬಹುದು, ಬಿಇಒ ಕಚೇರಿಗೆ ಹೋಗಿ ಕೊಟ್ಟು ಸ್ವೀಕೃತಿ ತಗೊಳ್ಳಲೂಬಹುದು. ಉತ್ತರಕ್ಕೆ 30 ದಿನ ಸಮಯವಿದೆ, ಆದ್ದರಿಂದ ಮೇ ಜೂನ್‌ವರೆಗೆ ಕಾಯದೆ ಜನವರಿ ಫೆಬ್ರವರಿಯಲ್ಲೇ ಹಾಕಿಬಿಡಿ. ಒಕ್ಕಣೆ ಹೀಗಿರಲಿ:

“ಸಾರ್ವಜನಿಕ ಮಾಹಿತಿ ಅಧಿಕಾರಿಗಳು, ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿ, ತುಮಕೂರು. ವಿಷಯ: ಈ ಕೆಳಗಿನ ಮೂರು ಶಾಲೆಗಳ ಎಸ್.ಎಸ್.ಎಲ್.ಸಿ. ಫಲಿತಾಂಶ. (ಶಾಲೆಯ ಹೆಸರು ಮತ್ತು ಡೈಸ್ ಕೋಡ್ ಬರೆಯಿರಿ.) ಕಳೆದ ಮೂರು ವರ್ಷಗಳ ಪರೀಕ್ಷೆ-1ಕ್ಕೆ ಸಂಬಂಧಿಸಿ, ಪ್ರತಿ ಶಾಲೆಯಿಂದ ನೋಂದಾಯಿಸಿದ ವಿದ್ಯಾರ್ಥಿಗಳ ಸಂಖ್ಯೆ, ಹಾಜರಾದವರು, ಉತ್ತೀರ್ಣರಾದವರು, ಶೇ. 60ಕ್ಕಿಂತ ಹೆಚ್ಚು ಅಂಕ ಪಡೆದವರು, ಗಣಿತ ಮತ್ತು ವಿಜ್ಞಾನದಲ್ಲಿ ಉತ್ತೀರ್ಣರಾದವರ ಸಂಖ್ಯೆ, ಮಾಧ್ಯಮವಾರು. ಅದೇ ಬ್ಯಾಚ್‌ಗಳ ಒಂಬತ್ತನೇ ತರಗತಿಯ ದಾಖಲಾತಿ ಸಂಖ್ಯೆ. ಕಚೇರಿಯಲ್ಲಿ ಲಭ್ಯವಿರುವ ದಾಖಲೆಯ ದೃಢೀಕೃತ ನಕಲು ಒದಗಿಸಲು ಕೋರುತ್ತೇನೆ.”

ಮಕ್ಕಳ ಹೆಸರು, ಅಂಕಪಟ್ಟಿ ಕೇಳಬೇಡಿ, ಅದು ವೈಯಕ್ತಿಕ ಮಾಹಿತಿ ಅಂತ ಅರ್ಜಿ ತಿರಸ್ಕರಿಸಲು ದಾರಿಯಾಗುತ್ತದೆ. ಬರೀ ಸಂಖ್ಯೆ ಕೇಳಿ. ನಕಲಿಗೆ ಪುಟಕ್ಕೆ 2 ರೂಪಾಯಿಯಂತೆ ಕಟ್ಟಿ ಅಂತ ಪತ್ರ ಬಂದರೆ ಕೂಡಲೇ ಕಟ್ಟಿಬಿಡಿ. ನೀವು ಕಟ್ಟುವವರೆಗಿನ ದಿನಗಳನ್ನು ಅವರ 30 ದಿನದಲ್ಲಿ ಲೆಕ್ಕ ಹಿಡಿಯುವುದಿಲ್ಲ.